ಗಾಡ್ಜಿಲ್ಲಾ ಎದುರು ಟಿ. ರೆಕ್ಸ್: ಇನ್ನೊಮ್ಮೆ ಉತ್ತರ

ಶಾಲೆಗೆ ರಜೆ ಸಿಕ್ಕಿದರೆ ಸಾಕು, ಊರಿನ ಥಿಯೇಟರಿಗೆ ದೈತ್ಯ ಪ್ರಾಣಿಗಳ ಸಿನಿಮಾ ಬಂದರೆ ಸಾಕು, ಈ ಅಂಕಣಕ್ಕೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಅದಕ್ಕೂ ಇದಕ್ಕೂ ಜಗಳ ಬಿದ್ದರೆ ಗೆಲ್ಲುವುದು ಯಾವುದು? ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರಿಸಿದ್ದೆ. ಸಾಲಲಿಲ್ಲ ಅಂತ ಕಾಣುತ್ತದೆ. ಈ ಸಲ ಒಂದು ಪ್ರಶ್ನೆಯನ್ನು ಸರಿಯಾಗಿ ಬಿಡಿಸಿ ಹೇಳುತ್ತೇನೆ: ಸಿನಿಮಾದ ದೈತ್ಯ ಗಾಡ್ಜಿಲ್ಲಾನೋ, ಮಾಂಸ ತಿನ್ನುತ್ತಿದ್ದ ಡೈನೋಸಾರ್ ಟಿ. ರೆಕ್ಸೋ? ಡೈನೋಸಾರ್ ಅಂದರೆ ಏನು, ಹೇಗೆ ಸತ್ತವು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಅದು ಶಾಲೆಯ ಪುಸ್ತಕದಲ್ಲೇ ಇದೆ.

ಪ್ರಶ್ನೆ: ಗಾಡ್ಜಿಲ್ಲಾ ಮತ್ತು ಟಿ. ರೆಕ್ಸ್ ಎದುರಾದರೆ ಯಾರು ಗೆಲ್ಲುತ್ತಾರೆ ಸರ್? ಗೆಳೆಯರ ಜೊತೆ ಬೆಟ್ ಕಟ್ಟಿದ್ದೇನೆ. (ಪಿಯುಸಿ ವಿದ್ಯಾರ್ಥಿ, ಸುರತ್ಕಲ್)

ಬೆಟ್ ಬಿಡು. ಮೊದಲು ಒಂದು ವಿಷಯ ತೀರ್ಮಾನ ಆಗಲಿ. ನೀನು ಕೇಳುತ್ತಿರುವುದು ಕಥೆಯ ಬಗ್ಗೆಯೋ, ಪ್ರಾಣಿಯ ಬಗ್ಗೆಯೋ?

ಕಥೆಯ ಬಗ್ಗೆ ಆದರೆ ಉತ್ತರ ಕಥೆಗಾರನ ಹತ್ತಿರ ಇದೆ. ಬಯಲಾಟದಲ್ಲಿ ದೊಂದಿ ಹಿಡಿದವರ ನಡುವೆ ಮಹಿಷಾಸುರ ಅಬ್ಬರಿಸುತ್ತ ಬರುವಾಗ ಅವನ ತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಗಾಡ್ಜಿಲ್ಲಾ ಕೂಡ ಹಾಗೆ ಹುಟ್ಟಿದವನೇ. 1954ರ ಮಾರ್ಚ್‌ನಲ್ಲಿ ಅಮೆರಿಕ ಶಾಂತಸಾಗರದ ಬಿಕಿನಿ ಎಂಬ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಆಗ ದೂರದಲ್ಲಿ ಮೀನು ಹಿಡಿಯುತ್ತಿದ್ದ ಒಂದು ಜಪಾನಿ ದೋಣಿಯ ಮೇಲೆ ವಿಕಿರಣದ ಬೂದಿ ಮಳೆಯ ಹಾಗೆ ಬಿತ್ತು. ದೋಣಿಯಲ್ಲಿ 23 ಮಂದಿ ಇದ್ದರು. ಎಲ್ಲರೂ ಕಾಯಿಲೆ ಬಿದ್ದರು, ಒಬ್ಬರು ಅದೇ ವರ್ಷ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ ಜಪಾನಿನಲ್ಲಿ ಮೊದಲ ಗಾಡ್ಜಿಲ್ಲಾ ಸಿನಿಮಾ ಬಂತು. ಮೀನಿಗೆ ಹೋದವರನ್ನು ಕಾಯುತ್ತಾ ಕೂರುವುದು ಏನು ಅಂತ ಮಲ್ಪೆಯವರಿಗೆ, ಬಂದರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗಾಡ್ಜಿಲ್ಲಾ ಆ ಭಯದ ರೂಪ. ಅವನನ್ನು ಸೋಲಿಸುವ ಡೈನೋಸಾರ್ ಇಲ್ಲ.

ಇನ್ನು ಪ್ರಾಣಿಯ ಬಗ್ಗೆ. ಅಂದರೆ ನಮ್ಮ ಹಾಗೆ ಮಾಂಸ, ಮೂಳೆ, ರಕ್ತ ಇರುವ ಗಾಡ್ಜಿಲ್ಲಾ. ಹಾಗಿದ್ದರೆ ಜಗಳವೇ ನಡೆಯುವುದಿಲ್ಲ. ಗಾಡ್ಜಿಲ್ಲಾ ಮೊದಲ ಹೆಜ್ಜೆಗೇ ಕಾಲು ಮುರಿದು ಬೀಳುತ್ತಾನೆ.

ಹೇಗೆ ಅಂತ ನೋಡು. ಮನೆ ಕಟ್ಟುವ ಒಂದು ಕೆಂಪುಕಲ್ಲು ತಗೊ. ಅದನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ದೊಡ್ಡದು ಮಾಡಬೇಕು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಎತ್ತರಕ್ಕೆ ಎರಡು. ಒಟ್ಟು ಎಂಟು ಕಲ್ಲು ಬೇಕಾಯಿತು. ಆದರೆ ನೆಲಕ್ಕೆ ತಾಗಿರುವುದು ನಾಲ್ಕೇ. ಮೊದಲು ಒಂದು ಕಲ್ಲು ತನ್ನ ಭಾರ ಮಾತ್ರ ಹೊತ್ತಿತ್ತು. ಈಗ ಕೆಳಗಿನ ನಾಲ್ಕು ಕಲ್ಲು ಎಂಟರ ಭಾರ ಹೊತ್ತಿವೆ. ಒಂದೊಂದು ಕಲ್ಲಿಗೂ ಜಾಗ ಮೊದಲಿನಷ್ಟೇ, ಹೊರೆ ಮಾತ್ರ ಎರಡರಷ್ಟು. ಗೆಲಿಲಿಯೋ 1638ರಲ್ಲೇ ಇದನ್ನು ಬರೆದು ಹೋಗಿದ್ದಾನೆ. ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಕಥೆಗಳ ರಾಕ್ಷಸರಿಗೇ ಈ ಲೆಕ್ಕ ಹಾಕಿ ತೋರಿಸಿದರು. ಅವರೇ ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ಟಿ. ರೆಕ್ಸ್‌ಗೆ ಬರೋಣ. ಮೂತಿಯಿಂದ ಬಾಲದ ತುದಿಗೆ ಸುಮಾರು 12 ಮೀಟರ್, ತೂಕ 8 ಟನ್ ಆಸುಪಾಸು. ತಲೆ ಎತ್ತಿ ನಿಂತರೆ ಎತ್ತರ 5 ಮೀಟರ್ ಅಂತ ಇಟ್ಟುಕೊ, ಲೆಕ್ಕ ಸುಲಭ. ಮೊದಲ ಸಿನಿಮಾದ ಗಾಡ್ಜಿಲ್ಲಾ 50 ಮೀಟರ್. ಅಂದರೆ ಹತ್ತು ಪಟ್ಟು. ತೂಕ ಹತ್ತು ಪಟ್ಟು ಆಗುವುದಿಲ್ಲ, ಸಾವಿರ ಪಟ್ಟು ಆಗುತ್ತದೆ. 8,000 ಟನ್! ತೊಡೆಯ ಮೂಳೆಯ ದಪ್ಪ ಮಾತ್ರ ನೂರು ಪಟ್ಟಿನಷ್ಟೇ ಭಾರಕ್ಕೆ ಆಗುವಂತೆ ಬೆಳೆದಿರುತ್ತದೆ. ಹಾಗಾಗಿ ಮೂಳೆಯ ಒಂದೊಂದು ಇಂಚಿನ ಮೇಲೂ ಹತ್ತು ಪಟ್ಟು ಹೊರೆ. ಪ್ರಾಣಿಗಳ ಕಾಲಿನ ಮೂಳೆ ಓಡುವಾಗ, ಜಿಗಿಯುವಾಗ ಬೀಳುವ ಹೊರೆಯ ಎರಡರಿಂದ ನಾಲ್ಕು ಪಟ್ಟು ತಡೆಯುತ್ತದೆ. ಹತ್ತು ಪಟ್ಟು ತಡೆಯುವುದಿಲ್ಲ. 2014ರ ಸಿನಿಮಾದಲ್ಲಿ ಅವನನ್ನು 108 ಮೀಟರ್ ಮಾಡಿದ್ದಾರೆ. ಅದರ ಲೆಕ್ಕ ನೀನೇ ಹಾಕು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇದಕ್ಕೆ ನಾನು ಆವೆಮಣ್ಣು ತರುತ್ತಿದ್ದೆ, ಚೌತಿಗೆ ಗಣಪತಿ ಮಾಡುವವರ ಹತ್ತಿರದಿಂದ. ಒಂದೇ ಮುದ್ದೆಯ ಮಣ್ಣಿನಲ್ಲಿ ಎರಡು ಆನೆ. ಒಂದು ಬೆರಳುದ್ದ, ಇನ್ನೊಂದು ಮೊಳದುದ್ದ, ಆಕಾರ ಒಂದೇ. ಚಿಕ್ಕದು ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತಿತ್ತು. ದೊಡ್ಡದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಮೆಲ್ಲಗೆ ಬಿಡಬೇಕು. ಮೊದಲು ಪಾದದ ಹತ್ತಿರ ಮಣ್ಣು ಉಬ್ಬಿ ಹೊರಗೆ ಬರುತ್ತದೆ. ಆಮೇಲೆ ಮಂಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ನೋಡುತ್ತಿರುವಾಗಲೇ ಹೊಟ್ಟೆ ಮೇಜಿಗೆ ತಾಗುತ್ತದೆ. ಯಾರೂ ದೂಡಿದ್ದಲ್ಲ. ತನ್ನ ಭಾರಕ್ಕೆ ತಾನೇ ಕುಸಿದದ್ದು. ಮಣ್ಣಿನ ಬದಲು ನಿಜವಾದದ್ದು ನೋಡಬೇಕಾದರೆ ನಮ್ಮ ಕಡಲತೀರವೇ ಇದೆ. ದೊಡ್ಡ ತಿಮಿಂಗಿಲ ದಡಕ್ಕೆ ಬಂದು ಸಿಕ್ಕಿಕೊಂಡರೆ ಅದರ ಮೈಭಾರವೇ ಅದರ ಶ್ವಾಸಕೋಶವನ್ನು ಒತ್ತುತ್ತದೆ. ನೀರಿನಲ್ಲಿ ನೂರು ಟನ್ನಿಗಿಂತ ಜಾಸ್ತಿ ಬೆಳೆದ ಜೀವಕ್ಕೆ ಮರಳಿನ ಮೇಲೆ ಉಸಿರಾಡಲು ಆಗುವುದಿಲ್ಲ. (ಅಂಥದ್ದು ಕಂಡರೆ ಫೋಟೋಕ್ಕೆಂದು ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.)

ನೆಲದ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದು ಅರ್ಜೆಂಟಿನೋಸಾರಸ್. ಅದರ ತೂಕವೇ ಸುಮಾರು 70 ಟನ್. ಅದಕ್ಕೂ ಕಂಬದಂಥ ನಾಲ್ಕು ಕಾಲು ಬೇಕಾಯಿತು, ಭಾರ ಇಳಿಸಲು ಬೆನ್ನುಮೂಳೆಯ ಒಳಗೆ ಗಾಳಿ ತುಂಬಿದ ಗೂಡುಗಳು ಬೇಕಾದವು. 8,000 ಟನ್ನಿನವನು ಎರಡು ಕಾಲಲ್ಲಿ ನಿಲ್ಲುವ ಮಾತೇ ಇಲ್ಲ.

ಹಾಗಾದರೆ ಟಿ. ರೆಕ್ಸ್ ಗೆದ್ದಿತಾ? ಬಿದ್ದವನನ್ನು ತಿನ್ನುತ್ತದೆ, ಅಷ್ಟು ಖಂಡಿತ. ಅದರ ಹಿಂಬದಿಯ ಒಂದೇ ಹಲ್ಲು ಮೂರೂವರೆ ಟನ್ ಭಾರಕ್ಕಿಂತ ಜಾಸ್ತಿ ಒತ್ತಡ ಹಾಕುತ್ತಿತ್ತು ಎಂದು ಅಂದಾಜಿದೆ. ಮೂಳೆಯನ್ನೇ ಪುಡಿ ಮಾಡಿ ನುಂಗುತ್ತಿದ್ದ ಪ್ರಾಣಿ ಅದು. ಕಲ್ಲಾದ ಅದರ ಸಗಣಿಯಲ್ಲಿ ಮೂಳೆಯ ಚೂರುಗಳು ಸಿಕ್ಕಿವೆ. ಆದರೆ ಅದು ಜಗಳ ಹುಡುಕಿಕೊಂಡು ಹೋಗುತ್ತಿತ್ತು ಅಂತ ತಿಳಿಯಬೇಡ. ಇಲ್ಲೇ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ಆಗುವುದು. ಯಾವ ಬೇಟೆಗಾರ ಪ್ರಾಣಿಯೂ ತನಗೆ ಸರಿಸಮ ಆದವನ ಹತ್ತಿರ ಸುಮ್ನೆ ಹೋಗಿ ಮೈಮೇಲೆ ಬೀಳುವುದಿಲ್ಲ. ಕಾಲು ಉಳುಕಿದರೆ ನಾಳೆ ಊಟ ಇಲ್ಲ. ಊಟ ಇಲ್ಲದೇ ಹೋದರೆ ಕೊನೆಗೆ ಸಾವು. ಮರಿ, ಮುದಿ, ಕುಂಟುವುದು, ಸತ್ತದ್ದು, ಇವೇ ಅದಕ್ಕೆ ಸಿಗುವ ಊಟ. ಮೂರು ಕೊಂಬಿನ ಡೈನೋಸಾರ್ ಟ್ರೈಸೆರಾಟಾಪ್ಸ್ ಒಂದರ ಕೊಂಬನ್ನು ಟಿ. ರೆಕ್ಸ್ ಕಚ್ಚಿ ಮುರಿದ ಗುರುತು ಸಿಕ್ಕಿದೆ. ಆ ಗಾಯ ವಾಸಿಯಾಗಿದೆ. ಅಂದರೆ ಕಚ್ಚಿಸಿಕೊಂಡದ್ದು ಬದುಕಿತು, ಕಚ್ಚಿದ್ದು ಬಿಟ್ಟುಹೋಯಿತು. ನಿಜವಾದ ಜಗಳಗಳು ಮುಗಿಯುವುದು ಹೆಚ್ಚಾಗಿ ಹೀಗೆಯೇ.

ನಿನಗೆ ಡೈನೋಸಾರ್ ಜಗಳ ನೋಡಲೇಬೇಕಾದರೆ ಅಂಗಳಕ್ಕೆ ಹೋಗು. ಹಕ್ಕಿಗಳು ಡೈನೋಸಾರ್‌ಗಳ ವಂಶವೇ, ಹಾಗಾಗಿ ಊರಕೋಳಿ ಕೂಡ. ಹೊಸ ಹುಂಜ ಒಂದು ಮನೆಗೆ ಬಂದ ದಿನ ಹಳೆಯದು ಏನು ಮಾಡುತ್ತದೆ ನೋಡು. ಎರಡೂ ತಲೆ ತಗ್ಗಿಸಿ ಕೊಕ್ಕಿಗೆ ಕೊಕ್ಕು ಇಟ್ಟ ಹಾಗೆ ನಿಲ್ಲುತ್ತವೆ. ಕತ್ತಿನ ಗರಿ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದು ತಲೆ ಎತ್ತಿದರೆ ಇನ್ನೊಂದೂ ಎತ್ತುತ್ತದೆ. ಎರಡು ಸಲ ಹಾರಿ ಕಾಲಲ್ಲಿ ಒದೆಯುತ್ತವೆ. ಆಮೇಲೆ ಒಂದು ಬದಿಗೆ ತಿರುಗಿ, ಏನೋ ಹೆಕ್ಕುವ ಹಾಗೆ ನೆಲ ಕೆದಕುತ್ತಾ ದೂರ ಸರಿಯುತ್ತದೆ. ಮುಗಿಯಿತು. ಅದೇ ಹುಂಜಗಳನ್ನು ಕೋಳಿ ಅಂಕಕ್ಕೆ ತೆಗೆದುಕೊಂಡು ಹೋದರೆ ಒಂದು ಸಾಯಲೇಬೇಕು. ಯಾಕೆಂದರೆ ಕಾಲಿಗೆ ಕತ್ತಿ ಕಟ್ಟಿದವರು ನಾವು. ಗೆದ್ದವರು ಯಾರು ಅಂತ ನೋಡುವ ಆಸೆ ನಮ್ಮದು, ಕೋಳಿಯದ್ದಲ್ಲ. ಸಿನಿಮಾದವರು ಟಿ. ರೆಕ್ಸ್ ಕಾಲಿಗೆ ಕಟ್ಟಿದ್ದೂ ಅದೇ ಕತ್ತಿ.

ಕೋಳಿ ಅಂಕದ ಮಾತು ಬಂದಾಗ ಇನ್ನೊಂದು. ಯಾವ ವಾರ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗ ಹಿಡಿದುಕೊಂಡು ನನ್ನ ಹತ್ತಿರ "ಇದು ವಿಜ್ಞಾನ ಅಲ್ವಾ ಸರ್" ಅಂತ ಕೇಳಿದವರಿದ್ದಾರೆ. ಅಲ್ಲ. ಗರಿಯ ಬಣ್ಣಕ್ಕೂ ವಾರಕ್ಕೂ ಯಾವ ಸಂಬಂಧವೂ ಇಲ್ಲ. ಈಗ ಮೊಬೈಲಿನಲ್ಲಿ ಡೈನೋಸಾರ್‌ಗಳಿಗೆ ನೂರಕ್ಕೆ ತೊಂಬತ್ತು ಶಕ್ತಿ, ಎಂಬತ್ತು ಬುದ್ಧಿ ಎಂದು ಅಂಕ ಹಾಕಿ ಗೆದ್ದವರನ್ನು ಸಾರುವ ವಿಡಿಯೋಗಳಿವೆ. ಅವೂ ಅದೇ ಪಂಚಾಂಗ. ಆ ಅಂಕಗಳನ್ನು ಯಾರೂ ಯಾವ ಮೂಳೆಯಿಂದಲೂ ಅಳೆದಿಲ್ಲ.

ಪ್ರಶ್ನೆ: ಸ್ಪೈನೋಸಾರಸ್ ಒಂದು ಸಿನಿಮಾದಲ್ಲಿ ಟಿ. ರೆಕ್ಸ್‌ನ ಕುತ್ತಿಗೆ ಮುರಿಯುತ್ತದೆ. ನಿಜವಾಗಿ ಸಾಧ್ಯವಾ? (ಕುಂದಾಪುರ)

ಎರಡರ ನಡುವೆ ಸುಮಾರು ಮೂರು ಕೋಟಿ ವರ್ಷದ ಅಂತರ ಇದೆ. ಸ್ಪೈನೋಸಾರಸ್ ಉತ್ತರ ಆಫ್ರಿಕದ ಡೈನೋಸಾರ್, ಟಿ. ರೆಕ್ಸ್ ಉತ್ತರ ಅಮೆರಿಕದ್ದು. ಸ್ಪೈನೋಸಾರಸ್‌ನ ಹಲ್ಲು ಮೀನು ಹಿಡಿಯುವ ಮೊನಚು ಹಲ್ಲು, ಮೂಳೆ ಒಡೆಯುವುದಲ್ಲ. 1915ರಲ್ಲಿ ಅದಕ್ಕೆ ಹೆಸರು ಕೊಟ್ಟಾಗ ಆಧಾರವಾಗಿದ್ದ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲೆ ಬಿದ್ದ ಬಾಂಬಿಗೆ ಪುಡಿಯಾದವು. ಅದರ ಬಗ್ಗೆ ದುಃಖಪಡಿ, ಕುತ್ತಿಗೆಯ ಬಗ್ಗೆ ಬೇಡ.

ಪ್ರಶ್ನೆ: ಕಿಂಗ್‌ಕಾಂಗ್? (ಏಳು ಮಂದಿ)

ಮೇಲಿನ ಕೆಂಪುಕಲ್ಲಿನ ಲೆಕ್ಕವನ್ನೇ ಓದಿ.

ಪ್ರಶ್ನೆ: ಮೆಗಾಲೊಡಾನ್ ಶಾರ್ಕ್ ಮತ್ತು ಮೋಸಸಾರಸ್? (ಉಳ್ಳಾಲ)

ಮೋಸಸಾರಸ್ ಎಂಬ ಕಡಲ ಸರೀಸೃಪ ಅಳಿದು ನಾಲ್ಕು ಕೋಟಿ ವರ್ಷ ಕಳೆದ ಮೇಲೆ ಮೆಗಾಲೊಡಾನ್ ಬಂತು. ಎರಡೂ ಡೈನೋಸಾರ್ ಅಲ್ಲ.

ಪ್ರಶ್ನೆ: ನಮ್ಮ ರಾಜಾಸಾರಸ್ ಟಿ. ರೆಕ್ಸ್‌ಗೆ ಸಮ ಅಲ್ಲವೇ? (ಬ್ರಹ್ಮಾವರ)

ಗುಜರಾತಿನಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ಒಳ್ಳೆಯ ಡೈನೋಸಾರ್. ಗಾತ್ರದಲ್ಲಿ ಚಿಕ್ಕದು. ಆಗ ಭಾರತದ ಸುತ್ತ ಸಮುದ್ರ ಇತ್ತು, ಎರಡೂ ಎದುರಾಗುವ ಮಾತೇ ಇಲ್ಲ. ದೇಶಾಭಿಮಾನ ಇದಕ್ಕೆ ಬೇಡ.

ಪ್ರಶ್ನೆ: ವೆಲೋಸಿರ‍್ಯಾಪ್ಟರ್ ಗುಂಪು ಹುಲಿಯನ್ನು ಸೋಲಿಸುತ್ತದಾ? (ಕಾರ್ಕಳ)

ಸಿನಿಮಾದ್ದು ಮನುಷ್ಯನೆತ್ತರ. ನಿಜವಾದದ್ದು ಹದಿನೈದಿಪ್ಪತ್ತು ಕಿಲೋ, ಮೈತುಂಬ ಗರಿ, ಸೊಂಟ ನಮ್ಮ ಮಂಡಿಯ ಹತ್ತಿರ. ಹುಲಿಯನ್ನು ಬಿಡಿ. ಇದರದ್ದೇ ನಿಜವಾದ ಜಗಳ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. 1971ರಲ್ಲಿ ಪೋಲೆಂಡ್ ಮತ್ತು ಮಂಗೋಲಿಯಾದ ವಿಜ್ಞಾನಿಗಳಿಗೆ ಗೋಬಿ ಮರುಭೂಮಿಯಲ್ಲಿ ಎರಡು ಅಸ್ಥಿಪಂಜರ ಒಟ್ಟಿಗೆ ಸಿಕ್ಕವು. ಒಂದು ವೆಲೋಸಿರ‍್ಯಾಪ್ಟರ್. ಇನ್ನೊಂದು ಪ್ರೊಟೊಸೆರಾಟಾಪ್ಸ್, ಹಂದಿಯ ಗಾತ್ರದ, ಸೊಪ್ಪು ತಿನ್ನುವ ಪ್ರಾಣಿ. ಬೇಟೆಗಾರನ ಕಾಲಿನ ಉಗುರು ಪ್ರೊಟೊಸೆರಾಟಾಪ್ಸ್‌ನ ಕತ್ತಿನ ಹತ್ತಿರ ಇದೆ. ಬೇಟೆಗಾರನ ಬಲಗೈ ಇದರ ಕೊಕ್ಕಿನಂಥ ಬಾಯಿಯಲ್ಲಿ ಸಿಕ್ಕಿಬಿದ್ದಿದೆ. ಇದು ಕೈ ಬಿಡಲಿಲ್ಲ, ಅದು ಉಗುರು ತೆಗೆಯಲಿಲ್ಲ. ಹಾಗೆಯೇ ಎರಡನ್ನೂ ಮರಳು ಮುಚ್ಚಿತು. ಏಳು ಕೋಟಿ ವರ್ಷಕ್ಕೂ ಹಳೆಯದು. ಅದರ ಫೋಟೋ ಮೊದಲ ಸಲ ನೋಡಿದ ದಿನ ನಾನು ತರಗತಿಗೆ ತಡವಾಗಿ ಹೋಗಿದ್ದೆ.

ಪ್ರಶ್ನೆ: ನಮ್ಮ ಕೆಂಪುಕಲ್ಲಿನ ಕೋರೆಯಲ್ಲಿ ಡೈನೋಸಾರ್ ಮೊಟ್ಟೆ ಸಿಕ್ಕಿದೆ. ಇಲ್ಲಿಯೂ ಅವು ಇದ್ದವಾ? (ಮೂಡುಬಿದಿರೆ)

ಅದು ಮೊಟ್ಟೆ ಅಲ್ಲ ಮಾರಾಯ್ರೆ. ಕಬ್ಬಿಣ ಸೇರಿ ಉರುಟಾದ ಕಲ್ಲು. ಹಳೆಯ ಬಂಡೆ ನಮ್ಮ ಮಳೆ ಬಿಸಿಲಿಗೆ ಕರಗಿ ಕೆಂಪುಕಲ್ಲು ಆಗುತ್ತದೆ, ಅದರಲ್ಲಿ ಮೊಟ್ಟೆ ಉಳಿಯುವುದಿಲ್ಲ. ಅಡಿಯ ಬಂಡೆಯೋ ಡೈನೋಸಾರ್ ಹುಟ್ಟುವುದಕ್ಕೂ ಇನ್ನೂರು ಕೋಟಿ ವರ್ಷ ಮೊದಲಿನದು. ಡೈನೋಸಾರ್ ಕಾಲದ ಕಲ್ಲು ನೋಡಬೇಕಾದರೆ ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿಯ ಕಲ್ಲಿನ ಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಲಾವಾ ತಣ್ಣಗಾಗಿ ಆದವು. ಅಲ್ಲಿಯೂ ಮೂಳೆ ಸಿಗುವುದಿಲ್ಲ.

ಇಂಥ "ಮೊಟ್ಟೆ"ಯನ್ನು ದುಡ್ಡು ಕೊಟ್ಟು ತಂದವರೊಬ್ಬರು ಒಮ್ಮೆ ನನ್ನ ಮೇಜಿನ ಮೇಲೆ ಇಟ್ಟರು. ಮನೆಯಲ್ಲಿಟ್ಟರೆ ದೋಷ ಹೋಗುತ್ತದೆ, ತೇದು ಕುಡಿದರೆ ಮಂಡಿನೋವು ಹೋಗುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಅವರು ಎರಡು ವಾರ ಕುಡಿದಿದ್ದರು. ನನಗೆ ಕೋಪ ತಡೆಯಲಾಗಲಿಲ್ಲ. ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ. ಕಲ್ಲಿನ ಪುಡಿ ಕುಡಿಯಬೇಡಿ.

ಪ್ರಶ್ನೆ: ಘಟ್ಟದ ಕಾಡಿನಲ್ಲಿ ಡೈನೋಸಾರ್ ಮರಿ ಕಂಡ ವಿಡಿಯೋ ಬಂದಿದೆ. (ಬೆಳ್ತಂಗಡಿ)

ಉಡ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗ ದಿನವಿಡೀ ಇದನ್ನೇ ಮಾತಾಡುತ್ತಾನೆ. ಓದು ಹಾಳಾಗುತ್ತಿದೆ. ಬಿಡಿಸುವುದು ಹೇಗೆ? (ತಾಯಿ, ಮಣಿಪಾಲ)

ಬಿಡಿಸಬೇಡಿ ಅಮ್ಮ. ಮೊಬೈಲ್ ಮಾತ್ರ ತೆಗೆದಿಡಿ. ನೀವು ಮಾಂಸ ತಿನ್ನುವವರಾದರೆ ಭಾನುವಾರ ಕೋಳಿ ತರುವಾಗ ಕಾಲನ್ನೂ ಕೇಳಿ ತನ್ನಿ. ಕಡಿದ ಜಾಗದಲ್ಲಿ ಬಿಳಿ ನರದಂಥದ್ದು ಕಾಣುತ್ತದೆ. ಅದನ್ನು ಚಿಮುಟದಲ್ಲಿ ಹಿಡಿದು ಎಳೆಯಲು ಹೇಳಿ. ಬೆರಳುಗಳು ಹಿಡಿಯುವ ಹಾಗೆ ಮಡಚಿಕೊಳ್ಳುತ್ತವೆ. ಮೇಲಿನ ಹುರುಪೆ ಚರ್ಮ, ಮುಂದಿನ ಮೂರು ಬೆರಳು, ಉಗುರು, ಎಲ್ಲವನ್ನೂ ಬಿಡಿಸಿ ಬರೆಯಲಿ. ಎದೆಯ ಕಡೆ ಇರುವ ಇಕ್ಕಳದಂಥ ಕವೆಮೂಳೆಯನ್ನು ಸಾರು ಆದ ಮೇಲೆ ತೊಳೆದು ಕೊಡಿ. ಟಿ. ರೆಕ್ಸ್‌ಗೂ ಅದು ಇತ್ತು. ತಿನ್ನದವರಾದರೆ ಪಕ್ಕದ ಮನೆಯ ಹುಂಜವನ್ನು ಅರ್ಧ ಗಂಟೆ ಕೂತು ನೋಡಲಿ, ಎದುರಿಗೆ ಕೈ ಚಾಚುವುದು ಬೇಡ. ಹಸಿ ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಚಿಮುಟವನ್ನೂ ತೊಳೆಯಲಿ. ತೊಳೆಯುವವರೆಗೆ ಕಣ್ಣು, ಬಾಯಿ ಮುಟ್ಟಬಾರದು.