ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ನನ್ನ ವಿಂಡೋಸ್ 11 ಲ್ಯಾಪ್‌ಟಾಪನ್ನು ಕೆಲವು ತಿಂಗಳು ಮುಟ್ಟಿರಲಿಲ್ಲ. ಈಗ ಪಾಸ್‌ವರ್ಡ್ ಮರೆತುಹೋಗಿದೆ. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿಯೇ ಇಲ್ಲ ಎಂದು ರಿಪೇರಿಯವರು ಹೇಳುತ್ತಿದ್ದಾರೆ. ಅದರಲ್ಲಿ ಮಕ್ಕಳ ಫೋಟೋಗಳಿವೆ, ಬೇರೆಲ್ಲೂ ಕಾಪಿ ಇಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಈಗಲೇ ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಅದು ಕೊನೆಯ ದಾರಿ, ಮೊದಲನೆಯದಲ್ಲ.

ಮೊದಲು ಕೀಬೋರ್ಡ್ ನೋಡಿ. ಕ್ಯಾಪ್ಸ್ ಲಾಕ್ ಆನ್ ಆಗಿದೆಯಾ, ಭಾಷೆ ಬದಲಾಗಿದೆಯಾ? ಅಮೆರಿಕದ ಇಂಗ್ಲಿಷ್ ಬದಲು ಬ್ರಿಟನ್ನಿನ ಇಂಗ್ಲಿಷ್ ಲೇಔಟ್ ಬಂದಿದ್ದರೆ @ ಚಿಹ್ನೆಯ ಜಾಗವೇ ಬೇರೆಯಾಗಿರುತ್ತದೆ, ಆಗ ಸರಿಯಾದ ಪಾಸ್‌ವರ್ಡ್ ಒತ್ತಿದರೂ ತಪ್ಪು ಅನ್ನುತ್ತದೆ. ಪಾಸ್‌ವರ್ಡ್ ಜಾಗದ ಪಕ್ಕದಲ್ಲಿರುವ ಕಣ್ಣಿನ ಗುರುತು ಒತ್ತಿದರೆ ನೀವು ಏನು ಟೈಪ್ ಮಾಡಿದ್ದೀರಿ ಅಂತ ಕಾಣುತ್ತದೆ.

ಅದೆಲ್ಲ ಸರಿ ಇದೆ ಅಂದರೆ, ನಿಮ್ಮದು ಯಾವ ಥರದ ಅಕೌಂಟ್ ಅನ್ನುವುದು ಗೊತ್ತಾಗಬೇಕು. ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಲ್ಯಾಪ್‌ಟಾಪ್ ಶುರು ಮಾಡುವಾಗ ಇಮೇಲ್ ಕೊಟ್ಟಿದ್ದೀರಾ? ಹಾಗಿದ್ದರೆ ಅದು ಮೈಕ್ರೋಸಾಫ್ಟ್ ಅಕೌಂಟ್, ಅಷ್ಟೊಂದು ಗಾಬರಿ ಬೇಡ. ಫೋನಿನಿಂದಲೇ ಮೈಕ್ರೋಸಾಫ್ಟ್ ಸೈಟಿಗೆ ಹೋಗಿ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು, ನೀವು ಕೊಟ್ಟಿದ್ದ ಮೊಬೈಲ್ ನಂಬರಿಗೋ ಬೇರೆ ಇಮೇಲಿಗೋ ಒಂದು ಕೋಡ್ ಬರುತ್ತದೆ. ಆಮೇಲೆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಇರಲೇಬೇಕು, ಇಲ್ಲದಿದ್ದರೆ ಹೊಸ ಪಾಸ್‌ವರ್ಡ್ ಅದಕ್ಕೆ ತಿಳಿಯುವುದಿಲ್ಲ. ಲಾಗಿನ್ ಪರದೆಯ ಬಲಗಡೆ ಕೆಳಮೂಲೆಯಲ್ಲೇ ವೈಫೈ ಗುರುತು ಇರುತ್ತದೆ, ಅಲ್ಲಿಂದಲೇ ಕನೆಕ್ಟ್ ಮಾಡಿ. ಮರೆತಿರುವುದು ಪಿನ್ ಮಾತ್ರ ಆಗಿದ್ದರೆ ಇನ್ನೂ ಸುಲಭ, ಪಿನ್ ಕೇಳುವ ಜಾಗದ ಕೆಳಗೇ ಅದನ್ನು ಬದಲಿಸುವ ಲಿಂಕ್ ಇದೆ.

ಇಮೇಲ್ ಕೊಡದೆ ಬರೀ ಹೆಸರು ಹಾಕಿ ಮಾಡಿದ್ದರೆ ಅದು ಲೋಕಲ್ ಅಕೌಂಟ್. ಒಮ್ಮೆ ತಪ್ಪು ಪಾಸ್‌ವರ್ಡ್ ಕೊಟ್ಟರೆ ಕೆಳಗೆ ರೀಸೆಟ್ ಲಿಂಕ್ ಬರುತ್ತದೆ, ಹಿಂದೆ ನೀವು ಆರಿಸಿದ 3 ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅವೂ ನೆನಪಿಲ್ಲವಾ? ಅದೇ ಲ್ಯಾಪ್‌ಟಾಪಿನಲ್ಲಿ ಮನೆಯವರ ಅಡ್ಮಿನ್ ಅಕೌಂಟ್ (ಬೇರೆಯವರ ಅಕೌಂಟನ್ನೂ ಬದಲಿಸುವ ಅಧಿಕಾರ ಇರುವಂಥದ್ದು) ಇದ್ದರೆ ಅವರು ನಿಮ್ಮ ಪಾಸ್‌ವರ್ಡ್ ಬದಲಿಸಬಹುದು. ಹಾಗೆ ಬದಲಿಸಿದಾಗ ಬ್ರೌಸರಿನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳು ಹೋಗಬಹುದು, ಆದರೆ ಸಾಮಾನ್ಯ ಫೋಟೋಗಳಿಗೆ ಏನೂ ಆಗುವುದಿಲ್ಲ.

ಇದ್ಯಾವುದೂ ಆಗದಿದ್ದರೂ ಫೋಟೋ ಉಳಿಸಲು ಒಂದು ದಾರಿ ಇದೆ, ರಿಪೇರಿಯವರಿಗೆ ಇದನ್ನೇ ಹೇಳಿ. ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ಅದನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ, ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದು. ವಿಂಡೋಸ್ ಪಾಸ್‌ವರ್ಡ್ ಇದಕ್ಕೆ ಅಡ್ಡ ಬರುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಲಾಕ್ ಆಗಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಅದಕ್ಕೆ ಕೆಳಗಿನ ಉತ್ತರವನ್ನೂ ಓದಿ. ಮತ್ತೆ, ಪಾಸ್‌ವರ್ಡ್ ಒಡೆದು ಕೊಡುತ್ತೇವೆ ಅನ್ನುವ ಗೊತ್ತಿಲ್ಲದ ಸಾಫ್ಟ್‌ವೇರ್‌ಗಳನ್ನು ಎಲ್ಲಿಂದಲೋ ಇಳಿಸಿಕೊಳ್ಳಬೇಡಿ. ಎಷ್ಟೋ ಸಲ ಅದರ ಜೊತೆ ವೈರಸ್ಸೂ ಬಂದುಬಿಡುತ್ತದೆ.

ಪ್ರಶ್ನೆ: ಮದರ್‌ಬೋರ್ಡ್ ಬದಲಿಸಿದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತಿದೆ. ನಾನು ಅಂಥದ್ದೇನೂ ಇಟ್ಟೇ ಇಲ್ಲ!

ಉತ್ತರ: ನೀವು ಇಟ್ಟಿಲ್ಲ, ನಿಜ. ವಿಂಡೋಸೇ ಇಟ್ಟಿದೆ. ಇದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಕೀ ಆ ಅಕೌಂಟಿನಲ್ಲೇ ಸೇವ್ ಆಗಿರುತ್ತದೆ. ಬೋರ್ಡ್ ಬದಲಾದಾಗ ಇದು ಅದೇ ಕಂಪ್ಯೂಟರಾ ಅಂತ ಅದಕ್ಕೆ ಅನುಮಾನ ಬಂದು ಕೀ ಕೇಳುತ್ತದೆ, ಅಷ್ಟೆ.

ಫೋನಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಡಿವೈಸ್ ಪಟ್ಟಿ ನೋಡಿ. ಪರದೆ ಮೇಲಿನ ಕೀ ಐಡಿಗೆ ಹೊಂದುವ ಸಾಲಿನ ಪಕ್ಕದಲ್ಲೇ 48 ಅಂಕಿ ಇರುತ್ತದೆ. ಅಲ್ಲಿಲ್ಲವಾದರೆ, ಲ್ಯಾಪ್‌ಟಾಪನ್ನು ಮೊದಲ ಸಲ ಸೆಟಪ್ ಮಾಡಿದವರು ಯಾರು ನೆನಪು ಮಾಡಿಕೊಳ್ಳಿ. ಅಣ್ಣನೋ ಮಗಳೋ ತಮ್ಮ ಇಮೇಲ್ ಹಾಕಿದ್ದರೆ ಕೀ ಅವರ ಅಕೌಂಟಿನಲ್ಲಿರುತ್ತದೆ. ಕಚೇರಿ ಅಥವಾ ಕಾಲೇಜಿನ ಅಕೌಂಟ್ ಆಗಿದ್ದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಿ. ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟ್‌ನವರೂ ಮತ್ತೆ ಮಾಡಿಕೊಡಲು ಆಗುವುದಿಲ್ಲ. ಹಾಗಾಗಿ ಎಲ್ಲ ಕಡೆ ಹುಡುಕಿ ಮುಗಿಯುವ ತನಕ ಯಾರಿಗೂ ಡಿಸ್ಕ್ ಅಳಿಸಲು ಬಿಡಬೇಡಿ.