ನಾಯಕನಿಗೆ ಮಾತ್ರ ಏಕೆ ಕೇಳಿಸಬೇಕು?

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ನಿಮ್ಮ ಮೂರನೆಯ ಅಧ್ಯಾಯ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಿಮ್ಮ ರಾಜ್ಯದಲ್ಲಿ ಹೆಂಗಸರ ಮಾತು ಗಂಡಸರಿಗೆ ಕೇಳಿಸುವುದಿಲ್ಲ. ಅದನ್ನೇ ಇನ್ನೊಬ್ಬ ಗಂಡಸು ಹೇಳಿದರೆ ಕೇಳಿಸುತ್ತದೆ. ಎಂಥ ಒಳ್ಳೆಯ ಕಲ್ಪನೆ! ಬಾವಿಯ ಹಗ್ಗ ಸವೆದಿದೆ ಎಂದು ತಾಯಿ ಮೂರು ದಿನದಿಂದ ಹೇಳುತ್ತಿದ್ದರೂ ಯಾರೂ ತಲೆ ಎತ್ತುವುದಿಲ್ಲ. ನಾಲ್ಕು ವರ್ಷದ ಮಗ ಅದೇ ಮಾತನ್ನು ತೊದಲುತ್ತಾನೆ. ಗಂಡಸರೆಲ್ಲ ಎದ್ದು ಓಡುತ್ತಾರೆ, ಹುಡುಗನ ಬುದ್ಧಿಯನ್ನು ಕೊಂಡಾಡುತ್ತಾರೆ. ತಾಯಿ ಆಗಲೇ ಹೊಸೆದಿಟ್ಟಿದ್ದ ಹೊಸ ಹಗ್ಗವನ್ನು ತಂದು ಅವರ ಕೈಗೆ ಕೊಡುತ್ತಾಳೆ. ಅಲ್ಲಿ ನೀವು ಏನನ್ನೂ ವಿವರಿಸಿಲ್ಲ. ನಕ್ಕೆ, ಆಮೇಲೆ ಪುಟ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಐದನೆಯ ಅಧ್ಯಾಯದಲ್ಲಿ ನಾಯಕ ಬರುತ್ತಾನೆ. ಅವನಿಗೆ ಮೊದಲಿನಿಂದಲೂ ಎಲ್ಲರ ಮಾತೂ ಕೇಳಿಸುತ್ತದೆ. ಏಕೆ ಎಂದು ಹುಡುಕಿದೆ. ಅವನು ಒಳ್ಳೆಯವನು ಎನ್ನುವುದನ್ನು ಬಿಟ್ಟರೆ ಬೇರೆ ಕಾರಣ ಸಿಗಲಿಲ್ಲ. ಕಾದಂಬರಿ ಮುಗ್ಗರಿಸಿದ್ದು ಇಲ್ಲೇ. ಶಾಪ ಎಲ್ಲರಿಗೂ ತಗಲಿ ನಿಮ್ಮ ಮೆಚ್ಚಿನವನಿಗೆ ಮಾತ್ರ ತಗಲದಿದ್ದರೆ ಓದುಗನೂ ಸಲೀಸಾಗಿ ಅವನ ಪಕ್ಕ ಹೋಗಿ ನಿಂತು, ಉಳಿದವರನ್ನು ನೋಡಿ ನಗುತ್ತಾನೆ. ತನ್ನ ಕಿವಿಯನ್ನು ಮುಟ್ಟಿ ನೋಡಿಕೊಳ್ಳುವುದಿಲ್ಲ.

ಕ್ರಿಸ್ತಪೂರ್ವ 411ರಲ್ಲಿ ಅಥೆನ್ಸಿನಲ್ಲಿ ಗ್ರೀಕ್ ನಾಟಕಕಾರ ಅರಿಸ್ಟೊಫೆನಿಸ್ ‘ಲೈಸಿಸ್ಟ್ರಾಟ’ ಎಂಬ ಹಾಸ್ಯನಾಟಕ ಆಡಿಸಿದ. ಯುದ್ಧ ನಿಲ್ಲುವ ತನಕ ಗಂಡಂದಿರನ್ನು ಹತ್ತಿರ ಸೇರಿಸುವುದಿಲ್ಲ ಎಂದು ಹೆಂಗಸರು ಆಣೆ ಮಾಡುತ್ತಾರೆ. ಸ್ವಲ್ಪ ದಿನಕ್ಕೆ ಅವರೇ ನೆಪ ಹೇಳಿ ಮನೆಗೆ ನುಸುಳಲು ನೋಡುತ್ತಾರೆ. ಒಬ್ಬಳಂತೂ ಅಥೀನಾ ದೇವಿಯ ಶಿರಸ್ತ್ರಾಣವನ್ನು ತನ್ನ ನಿಲುವಂಗಿಯೊಳಗೆ ತುರುಕಿಕೊಂಡು ಬಸುರಿ ಎನ್ನುತ್ತಾಳೆ. ನಾಟಕಕಾರ ತಾನು ಒಲಿದ ಪಕ್ಷವನ್ನೂ ಬಿಡಲಿಲ್ಲ. ಅದಕ್ಕೇ ಆ ಹೆಂಗಸರು ಜೀವಂತವಾಗಿದ್ದಾರೆ. ನಿಮ್ಮ ಹೆಂಗಸರಾದರೋ ಎಲ್ಲರೂ ಸಹನಾಮೂರ್ತಿಗಳು, ಎಲ್ಲರದೂ ಒಂದೇ ದನಿ. ಗಂಡಸರಿಗೆ ಕೇಳದು ಎಂದು ಗೊತ್ತಿದ್ದ ಮೇಲೆ ಈ ಹೆಂಗಸರು ಅವರೆದುರೇ ಏನೇನು ಆಡಿಕೊಳ್ಳುತ್ತಿದ್ದರು, ಯಾವ ಗುಟ್ಟು ಹೇಳುತ್ತಿದ್ದರು, ಯಾರಿಗೆ ಸುಳ್ಳು ಹೇಳುತ್ತಿದ್ದರು? ಅದೊಂದೂ ಇಲ್ಲ.

ಕೊನೆಯ ಭಾಗದಲ್ಲಿ ರಾತ್ರೋರಾತ್ರಿ ಎಲ್ಲ ತಿರುವುಮುರುವಾಗಿ ಗಂಡಸರ ಮಾತು ಅಡಗುತ್ತದೆ. ಈ ತಿರುವು ಹಳೆಯದು. ಬಂಗಾಳದ ಲೇಖಕಿ ರುಕೈಯಾ ಸಖಾವತ್ ಹುಸೇನ್ 1905ರಲ್ಲೇ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆಯಲ್ಲಿ ಗಂಡಸರನ್ನು ಮನೆಯೊಳಗೆ ಕೂರಿಸಿದ್ದರು. ಹಳೆಯದೆಂದು ನನ್ನ ತಕರಾರಲ್ಲ. ಅಲ್ಲಿ ಕಾರಣವಿದೆ: ಯುದ್ಧದಲ್ಲಿ ಸೋತು ಸುಸ್ತಾದ ಗಂಡಸರು ಒಳಗೆ ಹೋದ ಮೇಲೆಯೇ ಹೆಂಗಸರು ಹೊರಬಂದು, ಸೂರ್ಯನ ಶಾಖದಿಂದ ಶತ್ರುವನ್ನು ಓಡಿಸುತ್ತಾರೆ. ನಿಮ್ಮಲ್ಲಿ ರಾಣಿಯ ಒಂಬತ್ತು ಪುಟದ ಭಾಷಣವಿದೆ. ದಯವಿಟ್ಟು ಅದನ್ನು ಪೂರ್ತಿ ತೆಗೆಯಿರಿ. ಅದರಲ್ಲಿರುವುದನ್ನೆಲ್ಲ ಆ ಬಾವಿಯ ಹಗ್ಗ ಆಗಲೇ ಹೇಳಿದೆ.

ಇನ್ನು ನನ್ನನ್ನು ನಿಜಕ್ಕೂ ಕಾಡುವ ಪ್ರಶ್ನೆ. ನಾಲ್ಕು ವರ್ಷದ ಆ ಹುಡುಗನಿಗೆ ತಾಯಿಯ ಮಾತು ಕೇಳಿಸುತ್ತದೆ, ದೊಡ್ಡವರಿಗೆ ಕೇಳಿಸುವುದಿಲ್ಲ. ಹಾಗಾದರೆ ಅವನಿಗೆ ಕೇಳಿಸದಾಗುವ ಒಂದು ದಿನ ಬರಲೇಬೇಕು. ಅದು ಯಾವ ದಿನ? ಯಾವ ಮಾತಿನ ನಡುವೆ? ತಾಯಿಗೆ ಅದು ಹೇಗೆ ಗೊತ್ತಾಗುತ್ತದೆ? ಹುಡುಗನಿಗೆ ಗೊತ್ತಾಗುತ್ತದೆಯೇ? ಕಾದಂಬರಿಯ ಎದೆ ಅಲ್ಲಿದೆ, ನೀವು ಅದನ್ನು ಬರೆದೇ ಇಲ್ಲ. ಹತ್ತನೆಯ ಅಧ್ಯಾಯದಲ್ಲಿ ಅವನು ಥಟ್ಟನೆ ಮೀಸೆ ಹೊತ್ತು ಬರುತ್ತಾನೆ.

ಇಡೀ ಕಾದಂಬರಿಯನ್ನು ತಿದ್ದಲು ಈಗಲೇ ಕೂರಬೇಡಿ. ಆ ಒಂದು ದಿನವನ್ನು ಮಾತ್ರ ಬರೆಯಿರಿ, ನಾಯಕನಿಲ್ಲದೆ, ಇಪ್ಪತ್ತು ಪುಟ ಮೀರದಂತೆ. ನೇರ ನನ್ನ ಹೆಸರಿಗೇ ಕಳಿಸಿ. ಬಂದ ದಿನವೇ ಓದುತ್ತೇನೆ.