ಪ್ರತಿಕ್ರಿಯೆ: ಅಮೆರಿಕದಲ್ಲಿ ಸಿಎಜಿ ತರಹದ್ದು ಇದೆಯಾ?

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮ ಸಿಎಜಿ ತರಹದ್ದು ಅಮೆರಿಕದಲ್ಲೂ ಇದೆಯಾ, ಅದರ ಮುಖ್ಯಸ್ಥರನ್ನು ಅಧ್ಯಕ್ಷರು ಮನೆಗೆ ಕಳಿಸಬಹುದಾ ಅಂತ ಕೇಳಿದ್ದೀರಿ.

ಇದೆ. ಹೆಸರು ಜಿಎಒ (ಗವರ್ನಮೆಂಟ್ ಅಕೌಂಟೆಬಿಲಿಟಿ ಆಫೀಸ್), ಶುರುವಾದದ್ದು 1921ರಲ್ಲಿ. ಬರೀ ಲೆಕ್ಕ ಅಲ್ಲ, ಯೋಜನೆಗಳು ನೆಟ್ಟಗೆ ನಡೆಯುತ್ತಿವೆಯಾ ಅಂತಲೂ ನೋಡುತ್ತದೆ. ವರದಿ ಹೋಗುವುದು ಕಾಂಗ್ರೆಸ್‌ಗೆ, ಅಂದರೆ ಅವರ ಸಂಸತ್ತಿಗೆ. ಮುಖ್ಯಸ್ಥರು ಕಂಪ್ಟ್ರೋಲರ್ ಜನರಲ್. ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಅವಧಿ 15 ವರ್ಷ! ನಮ್ಮಲ್ಲಿ ಆರೇ ಅಲ್ವಾ? ಕಾಂಗ್ರೆಸ್ ಮುಂದಾಗದೆ ಅಧ್ಯಕ್ಷರೊಬ್ಬರೇ ಇವರನ್ನು ತೆಗೆಯುವಂತಿಲ್ಲ.

ನಿಮಗೆ ಗೊಂದಲ ಆಗಿರುವುದು ಬಹುಶಃ ಇನ್‌ಸ್ಪೆಕ್ಟರ್ ಜನರಲ್‌ಗಳಿಂದ. ಅವರು ಬೇರೆ. 1978ರ ಕಾನೂನಿನಂತೆ ಇಲಾಖೆಯ ಒಳಗೇ ಕೂತು ತಪಾಸಣೆ ಮಾಡುವವರು. ದೊಡ್ಡ ಇಲಾಖೆಗಳಲ್ಲಿ ಇವರನ್ನು ಅಧ್ಯಕ್ಷರು ತೆಗೆಯಬಹುದು, ಆದರೆ 30 ದಿನ ಮೊದಲೇ ಕಾಂಗ್ರೆಸ್‌ಗೆ ಕಾರಣ ಬರೆದು ತಿಳಿಸಬೇಕು. 2025ರ ಜನವರಿಯಲ್ಲಿ ಟ್ರಂಪ್ ಹಾಗೆ ತಿಳಿಸದೆಯೇ ಹಲವರನ್ನು ತೆಗೆದರು. ಗಲಾಟೆ ಕೋರ್ಟಿಗೂ ಹೋಯಿತು.